ದೊಡ್ಡಪ್ಪ ಹಿಂಡಿದ ನೆಲ್ಲಿಕಾಯಿ ರಸ

ನಮ್ಮ ದೊಡ್ಡಪ್ಪ ಕಾಲುವೆ ಆಫೀಸಿನಲ್ಲಿದ್ದು ರಿಟೈರ್ ಆದವರು. ಟಿ.ಬಿ. ಡ್ಯಾಂನಲ್ಲಿದ್ದಷ್ಟು ಕಾಲ ಆಳುಗಳ ಮೇಲೆ ಹುಕುಂ ಚಲಾಯಿಸಿ ರೂಢಿ. ಹೊಸಪೇಟೆಯ ಮನೆಗೆ ಬಂದ ಮೇಲೆ ಅದಕ್ಕೆ ಸಿಕ್ಕವಳು ದೊಡ್ಡಮ್ಮ ಒಬ್ಬಳೇ. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೇಗ ಆಪರೇಷನ್ ಮಾಡಿಸಿ, ಆಮೇಲೆ ಒಂದಷ್ಟು ದಿನ ಒಲೆಯ ಹತ್ತಿರ ಬಿಡಬೇಡಿ ಎಂದಿದ್ದರು ಡಾಕ್ಟರು. ಆ ಎರಡನೆಯ ಮಾತು ದೊಡ್ಡಪ್ಪನಿಗೆ ಹಿಡಿಸಲಿಲ್ಲ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಆಕ್ಸಿಡೀಕರಣದಿಂದ ಕೆಟ್ಟ ಪ್ರೋಟೀನಿಗೆ ನೆಲ್ಲಿಕಾಯಿಯಲ್ಲಿರುವ ಒಂದು ಅಣು ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ರಿಪೇರಿ ಮಾಡಬಲ್ಲದೇ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಇಡೀ ಪ್ರೋಟೀನಿನ ಲೆಕ್ಕ ಮಾಡಲು ನಮ್ಮ ಯಂತ್ರಕ್ಕೆ ತಾಕತ್ತಿರಲಿಲ್ಲ. ಅದರ ಒಂದು ಚೂರು ತೆಗೆದುಕೊಂಡು, ಪಕ್ಕದಲ್ಲಿ ಆ ಅಣುವನ್ನಿಟ್ಟು, ಸುತ್ತ ನೀರಿದೆ ಎಂದು ಭಾವಿಸಿಕೊಳ್ಳುತ್ತಿದ್ದೆವು. ರಿಪೇರಿ ಆಗಬಹುದು ಎಂದು ಲೆಕ್ಕ ಹೇಳಿತು. ದೊಡ್ಡಪ್ಪನ ಮನೆಗೆ ಊಟಕ್ಕೆ ಹೋದಾಗ ಇದನ್ನು ಹೇಳಿದೆ. ಇದಕ್ಕೂ ಕಣ್ಣಿಗೂ ಸಂಬಂಧವಿಲ್ಲ, ಪೊರೆ ಬಂದ ಮೇಲೆ ಆಪರೇಷನ್ನೇ ಗತಿ ಎಂದೂ ಹೇಳಿದೆ. ದೊಡ್ಡಪ್ಪ ತಮಗೆ ಬೇಕಾದಷ್ಟೇ ಕೇಳಿಸಿಕೊಂಡರು.

ಸಂಡೂರಿನಿಂದ ಬೆಟ್ಟದ ನೆಲ್ಲಿಕಾಯಿ ತರಿಸಿ, ಆಪರೇಷನ್ ಮುಂದಕ್ಕೆ ಹಾಕಿ, ದಿನಾ ಬೆಳಿಗ್ಗೆ ತಾವೇ ಜಜ್ಜಿ ಹಿಂಡಿ ದೊಡ್ಡಮ್ಮನಿಗೆ ಕುಡಿಸತೊಡಗಿದರು. ತಮ್ಮನ ಮಗಳು ಕಂಪ್ಯೂಟರಿನಲ್ಲೇ ತೋರಿಸಿದ್ದಾಳೆ ಎಂದು ಬಂದವರಿಗೆಲ್ಲ ಹೇಳಿಕೊಂಡರು. ನಾನು ಹೋಗಿ ಜಗಳ ತೆಗೆದೆ.

"ನಿನ್ನ ಲೆಕ್ಕ ಸುಳ್ಳಾದ್ರ ಓದು ಬಿಡು. ಖರೇ ಆದ್ರ ಬಾಯಿ ಮುಚ್ಚು" ಎಂದರು.

ಅವರ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ದೊಡ್ಡಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ದೊಡ್ಡಪ್ಪ ತಟ್ಟೆ ತಳ್ಳಿ, ಎಲ್ಲರೆದುರೇ ಕುರುಡಿ ಎಂದು ಬೈದರು.

ಒಂದು ದಿನ ಆಕೆಯ ಬಲಗಣ್ಣು ಕೆಂಪಗಾಗಿ, ತಲೆ ಸಿಡಿಯುವಷ್ಟು ನೋವು ಬಂತು. ಎರಡು ದಿನ ರಸವನ್ನೇ ಹೆಚ್ಚು ಕುಡಿಸಿ, ಮೂರನೆಯ ದಿನ ಆಸ್ಪತ್ರೆಗೆ ಒಯ್ದರು. ಪೊರೆ ಊದಿ, ಒಳಗೆ ಒತ್ತಡ ಏರಿ ನರ ಸತ್ತಿದೆ, ಆ ಕಣ್ಣು ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಎಡಗಣ್ಣಿಗೆ ಆಪರೇಷನ್ ನಿಗದಿಯಾಯಿತು. ಹೊರಗೆ ದೊಡ್ಡಪ್ಪ, ಆಪರೇಷನ್ ಆದ ಮೇಲೆ ಅಡುಗೆಗೆ ಯಾರು ಎಂದು ಅಪ್ಪನನ್ನು ಕೇಳುತ್ತಿದ್ದರು.

ನಾನು ಬೇಡವೆಂದರೂ ಯಾಕೆ ಕುಡಿದೆ ಎಂದು ದೊಡ್ಡಮ್ಮನ ಮೇಲೇ ರೇಗಿದೆ.

"ಅದರಿಂದ ಕಣ್ಣು ಬರಂಗಿಲ್ಲ ಅಂತ ನಂಗ ಗೊತ್ತಿತ್ತವ್ವ" ಎಂದಳು. "ಲಗ್ನ ಆದಾಗಿಂದ ಅವರು ನಂಗ ಒಂದ್ ಲೋಟ ನೀರು ಕೊಟ್ಟೋರಲ್ಲ. ಬ್ಯಾಡ ಅನ್ನಾಕ ಮನಸಾಗ್ಲಿಲ್ಲ."