ಮೂರು ಅಂತಸ್ತು, ಮೂರು ಚಾನೆಲ್

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಆಕೆಯನ್ನು ಮೂರು ಅಂತಸ್ತಿನ ಆ ಕಟ್ಟಡದವರೆಲ್ಲ ‘ಹಲೋ ಅಜ್ಜಿ’ ಎಂದೇ ಕರೆಯುತ್ತಿದ್ದರು. ಅವರ ಸೊಸೆ, ಉಗ್ಗುವ ಮಕ್ಕಳಿಗೆ ಮನೆಯಿಂದಲೇ ವಿಡಿಯೊ ಕರೆಯಲ್ಲಿ ಮಾತು ಕಲಿಸುವವಳು. ತಿಂಗಳಿಂದೀಚೆಗೆ ಮಕ್ಕಳು ತಿಣುಕಾಡಿ ಆಡಿದ ಮಾತೂ ತುಂಡು ತುಂಡಾಗಿ ಕೇಳಿಸಿ ಅವಳು ಹೈರಾಣಾಗಿದ್ದಳು.

“ಇನ್ನೂ ಜೋರಾದ ವೈಫೈ ಡಬ್ಬಿ ತಂದುಬಿಡೋಣ ಅತ್ತೆ.”

“ಬೇಡ ಕಣೇ. ಅಕ್ಕಪಕ್ಕದವರು ಮಾಡಿರೋದೂ ಅದನ್ನೇ. ಎಲ್ಲರೂ ಕಿರುಚಿದ್ರೆ ಯಾರ ಮಾತು ಯಾರಿಗೆ ಕೇಳುತ್ತೆ?”

ಒಂದು ತಂತಿಯ ಮಾತು ಇನ್ನೊಂದಕ್ಕೆ ನುಗ್ಗುವುದನ್ನು ಅಜ್ಜಿ ಬೇಕಾದಷ್ಟು ಕಂಡಿದ್ದರು. ಸೊಸೆಯ ಫೋನಿನಲ್ಲಿ ನೋಡಿದರೆ, ಹನ್ನೆರಡು ಮನೆಗಳಲ್ಲಿ ಒಂಬತ್ತರ ಡಬ್ಬಿಗಳು ವೈಫೈ ಓಡುವ ದಾರಿಗಳಲ್ಲಿ ಒಂದೇ ದಾರಿಗೆ, ಆರನೇ ಚಾನೆಲ್ಲಿಗೇ, ಮುಗಿಬಿದ್ದಿದ್ದವು. ಭಾನುವಾರ ಬೆಳಿಗ್ಗೆ ಮಂಡಿನೋವನ್ನೂ ಲೆಕ್ಕಿಸದೆ, ಸೊಸೆಯನ್ನು ಕರೆದುಕೊಂಡು ಮನೆಮನೆಯ ಬಾಗಿಲು ತಟ್ಟಿದರು. ಕೆಳಗಿನವರಿಗೆ ಒಂದು, ನಡುವಿನವರಿಗೆ ಆರು, ಮೇಲಿನವರಿಗೆ ಹನ್ನೊಂದು. ಹೀಗೆ ಒಂದರ ಮೈಮೇಲೊಂದು ಬೀಳದ ಚಾನೆಲ್ಲುಗಳನ್ನು ಹಂಚಿ, ಡಬ್ಬಿಯ ಜೋರನ್ನು ಅರ್ಧಕ್ಕೆ ಇಳಿಸಲು ಕೇಳಿಕೊಂಡರು.

ಮೇಲಿನ ಅಂತಸ್ತಿನ ದರ್ಜಿ ಮಾತ್ರ ಪಟ್ಟು ಹಿಡಿದ. “ಇರೋದೇ ಸಾಲ್ತಿಲ್ಲ, ಇನ್ನೂ ಇಳಿಸು ಅಂತೀರಲ್ಲ ಅಜ್ಜಿ!”

“ಒಂದು ದಿನ ಇಳಿಸಿ ನೋಡಪ್ಪ. ಸರಿಹೋಗಲಿಲ್ಲ ಅಂದ್ರೆ ನಾನೇ ಬಂದು ಏರಿಸಿಕೊಡ್ತೀನಿ.”

ಅವನು ಗೊಣಗುತ್ತಲೇ ಇಳಿಸಿದ. ಮರುದಿನ ಏರಿಸಿಕೊಡಿ ಎಂದು ಯಾರೂ ಬರಲಿಲ್ಲ.

ಸಂಜೆ ಪಾಠ ಮುಗಿಸಿ ಹೊರಬಂದ ಸೊಸೆಯ ಕಣ್ಣು ತುಂಬಿತ್ತು. “ಅತ್ತೆ, ಇವತ್ತು ಯಾವ ಮಗೂಗೂ ಒಂದ್ಸಲಾನೂ ‘ಇನ್ನೊಮ್ಮೆ ಹೇಳು ಪುಟ್ಟ’ ಅನ್ನಬೇಕಾಗಲಿಲ್ಲ.”

ಅಜ್ಜಿ ಹಗುರಾಗಿ ಉಸಿರುಬಿಟ್ಟು, ಕಾಲು ನೀಡಿ ಕುಳಿತರು.