ಬೈಯುವ ಡಾಕ್ಟರೂ ನಮ್ಮ ಓನರಮ್ಮನೂ

ನಮ್ಮ ಓನರಮ್ಮನ ಎಡಹುಬ್ಬು ಎರಡು ತುಂಡಾಗಿತ್ತು. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಬಿದ್ದಾಗ ಆದ ಗಾಯವಂತೆ, ನಡುವೆ ಮತ್ತೆ ಕೂದಲು ಹುಟ್ಟಲೇ ಇಲ್ಲ. ಯಾರಾದರೂ ದಡ್ಡ ಮಾತಾಡಿದರೆ ಆ ಹುಬ್ಬಿನ ಹೊರಗಿನ ತುಂಡು ಮಾತ್ರ ಮೇಲೇರುತ್ತಿತ್ತು, ಒಳಗಿನದು ಇದ್ದಲ್ಲೇ ಇರುತ್ತಿತ್ತು. ಕಡೂರಿನ ಅವರ ಮನೆಗೆ ಬಾಡಿಗೆಗೆ ಬಂದಾಗಿನಿಂದ ನಾನು ಅದನ್ನು ನೋಡಿದ್ದೇನೆ. ಹೆಚ್ಚಾಗಿ ನನ್ನ ಮಾತಿಗೇ ಏರುತ್ತಿತ್ತು.

ಅವರ ಗಂಡ ಸಾಮಿಲ್ ನಡೆಸಿ ಕಟ್ಟಿಸಿದ ಮನೆ ಅದು. ಮೇಲೆ ಅವರು ಮತ್ತು ಸೊಸೆ, ಕೆಳಗೆ ಅಮ್ಮ ಮತ್ತು ನಾನು, ಪಕ್ಕದ ಭಾಗದಲ್ಲಿ ಒಬ್ಬ ಹೈಸ್ಕೂಲ್ ಮೇಷ್ಟ್ರು. ಸೊಸೆಯ ಜೊತೆ ಓನರಮ್ಮ ದಖ್ನಿಯಲ್ಲಿ ಮೆತ್ತಗೆ ಮಾತಾಡುತ್ತಿದ್ದರು. ಕನ್ನಡವನ್ನು ಬಾಡಿಗೆಯವರನ್ನು ಬೈಯುವುದಕ್ಕೆಂದೇ ಇಟ್ಟುಕೊಂಡಿದ್ದರು. ನಲ್ಲಿ ಸ್ವಲ್ಪ ಜಾಸ್ತಿ ಬಿಟ್ಟರೆ ಮಹಡಿಯಿಂದ ದನಿ ಇಳಿಯುತ್ತಿತ್ತು: "ಲೇ, ಭದ್ರಾದಿಂದ ನಿಮ್ಮಪ್ಪ ಹೊತ್ಕೊಂಡ್ ಬತ್ತಾನೇನೇ ನೀರು? ಎಮ್ಮೆದೊಡ್ಡಿ ಕಾವಲಿನ ದನಕ್ಕೂ ನಿಂಗಿಂತ ಬುದ್ಧಿ ಐತೆ!"

ಇಷ್ಟೆಲ್ಲ ಬೈಸಿಕೊಂಡವರು ಸಂಜೆ ಏಳೂವರೆಗೆ ಅವರ ಹಾಲ್‌ನಲ್ಲೇ ಸೇರುತ್ತಿದ್ದೆವು, ಏಕೆಂದರೆ ದೊಡ್ಡ ಟಿವಿ ಇದ್ದದ್ದು ಅಲ್ಲಿ. ಆ ಹೊತ್ತಿಗೆ ಡಾಕ್ಟರ್ ಧಾರಾವಾಹಿ. ಬೇರೆ ಭಾಷೆಯಿಂದ ಕನ್ನಡಕ್ಕೆ ಇಳಿಸಿದ್ದು, ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಶುರುವಾದದ್ದು, ಕೆಲಸ ಸಿಕ್ಕಿ ಅಜ್ಜಂಪುರಕ್ಕೆ ಓಡಾಡತೊಡಗಿದ ಮೇಲೂ ಮುಗಿದಿರಲಿಲ್ಲ. ಅದರ ನಾಯಕನನ್ನು ಊರೆಲ್ಲ ಕರೆಯುತ್ತಿದ್ದುದೇ 'ಬೈಯೋ ಡಾಕ್ಟ್ರು' ಎಂದು. ರೋಗಿಗೆ ನೆಂಟರು ತಂದ ಸೇಬನ್ನು ತಾನು ಕಚ್ಚಿ ತಿನ್ನುತ್ತಾ ರೋಗಿಯನ್ನೇ ಬೈಯುವವನು. ನರ್ಸ್‌ಗಳನ್ನು ಅಳಿಸುವವನು. ಕೊನೆಯ ಐದು ನಿಮಿಷದಲ್ಲಿ ಯಾರಿಗೂ ತಿಳಿಯದ ಕಾಯಿಲೆ ಅವನಿಗೆ ತಿಳಿದುಬಿಡುತ್ತಿತ್ತು. ಅಲ್ಲಿಗೆ ಎಲ್ಲ ಪಾಪ ಪರಿಹಾರ.

ಅವನನ್ನು ಹೊಗಳದವರು ಯಾರು! ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ಅವನದೇ ಮಾತು, ಅಮೃತಾಪುರದ ಬಸ್ಸಿನಲ್ಲಿ ಅವನದೇ ಮಾತು. ಮನೆಯಲ್ಲಿ ಹೆಂಡತಿ ಏರುದನಿ ಮಾಡಿದರೆ ಊಟ ಬಿಟ್ಟೇಳುವ ಗಂಡಸರೆಲ್ಲ ಅವನ ಬೈಗುಳ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮೇಷ್ಟ್ರಂತೂ, "ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಅಂತ ಗಾದೇನೇ ಇದೆ. ಪ್ರತಿಭೆ ಇರೋರು ಹಾಗೇ ಕಣ್ರೀ," ಎಂದು ದಿನಕ್ಕೊಮ್ಮೆ ತೀರ್ಪು ಕೊಡುತ್ತಿದ್ದರು. ಅವರೂ ಮಕ್ಕಳನ್ನು ಬೈಯುತ್ತಿದ್ದರು, ಆದರೆ ಪ್ರತಿಭೆಯ ಸುಳಿವು ನನಗಂತೂ ಸಿಕ್ಕಿರಲಿಲ್ಲ. ಅಮ್ಮನೂ ತಲೆಯಾಡಿಸುತ್ತಿದ್ದಳು. "ಬೈದ್ರೂ ವಾಸಿ ಮಾಡ್ತಾನಲ್ಲ, ಸಾಕು."

ಓನರಮ್ಮನ ಅರ್ಧ ಹುಬ್ಬು ಏರುತ್ತಿತ್ತು. "ಥೂ, ಸೇಬು ಕದಿಯೋ ನನ್ಮಗ. ಅವನಿಗೆ ಬುದ್ಧಿ ಐತೆ ಅಂತ ನಾವ್ಯಾಕೆ ಒದೆ ತಿನ್ಬೇಕು?"

"ಮತ್ತೆ ದಿನಾ ಯಾಕೆ ನೋಡ್ತೀರಿ?" ಎಂದು ನಾನು ಕೇಳಿದ್ದೆ.

"ಬೈಯೋಕೆ. ಯಾರಾದ್ರೂ ಒಬ್ರು ಬೈಬೇಕಲ್ಲ ಅವನಿಗೆ."

ತರೀಕೆರೆಯಲ್ಲಿ ಒಬ್ಬ ಖಾಸಗಿ ಡಾಕ್ಟರಿದ್ದರು. ಹೆಸರು ಬೇಡ. ಅವರೂ ಬೈಯುತ್ತಿದ್ದರು. ಆ ಬಾಯಿಗೆ ಹೆದರಿ ಮೊದಲೆಲ್ಲ ಜನ ಅವರ ಹತ್ತಿರ ಹೋಗಲು ಹಿಂಜರಿಯುತ್ತಿದ್ದರಂತೆ. ಧಾರಾವಾಹಿ ಬಂದ ಮೇಲೆ ಅದೇ ಬೈಗುಳಕ್ಕೆ ಬೆಲೆ ಬಂತು. 'ಥೇಟ್ ಸೀರಿಯಲ್ ಡಾಕ್ಟ್ರ ಥರ' ಎಂದುಕೊಂಡು ಕಡೂರಿನಿಂದಲೂ ಬಸ್ಸು ಹತ್ತಿ ಹೋಗಿ ಬೈಸಿಕೊಂಡು ಬರತೊಡಗಿದರು. ಮೈ ಸರಿಯಿಲ್ಲವೆಂದು ಅಮ್ಮನೂ ಒಂದು ದಿನ ಒಬ್ಬಳೇ ಹೋಗಿಬಂದಳು. ಸಂಜೆ ಓನರಮ್ಮನ ಹಾಲ್‌ನಲ್ಲಿ ಅವಳ ಮುಖ ನೋಡಬೇಕಿತ್ತು, ದೇವರ ದರ್ಶನವಾದಂತಿತ್ತು.

"ಎಷ್ಟ್ ಚೆನ್ನಾಗ್ ಬೈದ್ರು ಗೊತ್ತಾ! ಮಂಡಿ ನೋವು ಅಂದೆ, ಬರ್ಕೊಂಡ್ರು. ಇನ್ನೊಂದು ಹೇಳೋಕೆ ಬಾಯಿ ತೆಗೀತಿದ್ದಂಗೇ, 'ನಿನ್ನ ಪುರಾಣ ಕೇಳೋಕೆ ಕೂತಿಲ್ಲ, ಏಳು ಮೇಲೆ' ಅಂದ್ಬಿಟ್ರು. ಭಾರಿ ತಿಳ್ಕೊಂಡಿದ್ದಾರೆ."

ಮೇಷ್ಟ್ರು ಮೆಚ್ಚಿ ತಲೆದೂಗಿದರು. ಓನರಮ್ಮ ರಿಮೋಟ್ ಎತ್ತಿ ಟಿವಿ ಆರಿಸಿದರು. ಧಾರಾವಾಹಿಯ ನಡುವೆ ಅವರು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇನ್ನೊಂದು ಅಂದ್ಯಲ್ಲ, ಏನದು?"

ಅಮ್ಮ ಸೆರಗನ್ನು ಬೆರಳಿಗೆ ಸುತ್ತತೊಡಗಿದಳು. ಓನರಮ್ಮ ಮೇಷ್ಟ್ರ ಕಡೆ ತಿರುಗಿದರು. "ಮೇಷ್ಟ್ರೇ, ನಿಮ್ಮನೇಲಿ ಕುಕ್ಕರ್ ಕೂಗ್ತಾ ಐತೆ, ಹೋಗಿ." ಯಾವ ಕುಕ್ಕರೂ ಕೂಗುತ್ತಿರಲಿಲ್ಲ. ಆದರೂ ಮೇಷ್ಟ್ರು ಹೋದರು.

ಆಮೇಲೆ ಅಮ್ಮ ನೆಲ ನೋಡಿಕೊಂಡು ಹೇಳಿದಳು. ಮುಟ್ಟು ನಿಂತು ವರ್ಷಗಳೇ ಆಗಿದ್ದರೂ ಅವಳಿಗೆ ಮತ್ತೆ ರಕ್ತ ಹೋಗುತ್ತಿತ್ತು. ತಿಂಗಳಿಂದ. ಒಂದೇ ಮನೆಯಲ್ಲಿದ್ದ ನನಗೂ ಹೇಳಿರಲಿಲ್ಲ. ಅಷ್ಟು ದೂರ ಹೋದದ್ದೇ ಅದಕ್ಕಾಗಿ, ಮಂಡಿ ನೋವು ಬರೀ ಪೀಠಿಕೆ.

"ನಾಳೆ ಬೇರೆ ಡಾಕ್ಟ್ರ ಹತ್ರ ಹೋಗೋಣ," ಎಂದೆ ನಾನು.

"ನಕ್ಕೊ," ಎಂದರು ಓನರಮ್ಮ, ಬೇಡವೇ ಬೇಡ ಎನ್ನುವಾಗಿನ ಅವರ ದಖ್ನಿಯಲ್ಲಿ. "ಅವನ ಹತ್ರಾನೇ. ಬೇರೆಯೋರ ಹತ್ರ ಹೋದ್ರೆ ತಾನು ಮಾಡಿದ್ದು ಅವನಿಗೆ ಗೊತ್ತಾಗೋದು ಹೆಂಗೆ? ನಾನೂ ಬತ್ತೀನಿ."

ಮರುದಿನ ಬುರ್ಖಾ ತೊಟ್ಟು ನಮ್ಮಿಬ್ಬರಿಗಿಂತ ಮುಂದೆ ಬಸ್ಸು ಹತ್ತಿದರು. ಡಾಕ್ಟರು ತಲೆಯೆತ್ತದೆ ಕೇಳಿದರು. "ಯಾರ್ರೀ ಪೇಷೆಂಟು? ನೀವ್ಯಾರು?"

"ನಾನು ಇವಳ ಮನೆ ಓನರ್ರು."

"ಓನರ್‌ಗೆ ಇಲ್ಲೇನ್ರೀ ಕೆಲಸ?"

"ನಿನ್ನೆ ಇವಳ ಬಾಯಿಗೆ ಬೀಗ ಹಾಕಿ ಕಳ್ಸಿದ್ರಿ. ತೆಗ್ಸೋಕೆ ಬಂದೆ."

ಅಮ್ಮ ಹೇಳಿದಳು. ಡಾಕ್ಟರ ಪೆನ್ನು ನಿಂತಿತು. "ಇದನ್ನ ನಿನ್ನೇನೇ ಯಾಕಮ್ಮ ಹೇಳ್ಲಿಲ್ಲ?" ಎಂದು ಮತ್ತೆ ಗದರಿದರು. ಓನರಮ್ಮನ ಅರ್ಧ ಹುಬ್ಬು ಏರಿತು. ಡಾಕ್ಟರು ಅದನ್ನು ನೋಡಿದರು, ಕಣ್ಣು ತಗ್ಗಿಸಿ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಗರ್ಭಕೋಶದಲ್ಲಿ ಕ್ಯಾನ್ಸರ್ ಇತ್ತು, ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು. ಅಮ್ಮ ಉಳಿದಳು.

ಅಂದು ತರೀಕೆರೆಯಿಂದ ವಾಪಸಾಗುವಾಗ ಬಸ್ಸಿನಲ್ಲಿ ನಾನು ಕೇಳಿದ್ದೆ. "ನೀವೂ ನಮ್ಗೆಲ್ಲ ಬೈತೀರಲ್ಲ ಓನರಮ್ಮ?"

"ನಾನು ಬೈದ್ರೆ ಮನೆ ಖಾಲಿ ಮಾಡ್ಕೊಂಡು ಎದ್ದು ಹೋಗು, ಯಾರು ಹಿಡ್ಕೊಂಡಿದ್ದಾರೆ? ಮೈಯಾಗೆ ಕಾಯಿಲೆ ಇಟ್ಕೊಂಡೋಳು ಎಲ್ಲಿಗೆ ಎದ್ದು ಹೋಗ್ತಾಳೆ ಕಣೇ?" ಎಂದು ಕಿಟಕಿಯ ಕಡೆ ತಿರುಗಿದರು.

ನಾವು ಮನೆ ಖಾಲಿ ಮಾಡಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಓನರಮ್ಮ ಏಳಲಿಲ್ಲ. ಸುದ್ದಿ ಕೇಳಿ ಅಮ್ಮ ಮೆಟ್ಟಿಲ ಮೇಲೇ ಕುಸಿದು ಕೂತು ಅತ್ತಳು. ಒಡಹುಟ್ಟಿದವರು ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ನನಗೆ ಆ ನಲ್ಲಿಯನ್ನು ಈಗಲೂ ಪೂರ್ತಿ ತಿರುಗಿಸಲು ಕೈ ಬರುವುದಿಲ್ಲ.

ಧಾರಾವಾಹಿ ಮಾತ್ರ ಆಮೇಲೂ ಕೆಲವು ತಿಂಗಳು ನಡೆದು ಮುಗಿಯಿತು. ಕೊನೆಯ ಕಂತನ್ನು ನಮ್ಮ ಮನೆಯ ಚಿಕ್ಕ ಟಿವಿಯಲ್ಲಿ ನೋಡಿದೆವು. ಈಗ ಬೈಯುವ ಡಾಕ್ಟರಿಗೇ ಕಾಯಿಲೆ. ಹಾಸಿಗೆಯಲ್ಲಿ ಮಲಗಿ ಕಣ್ಣೀರಿಟ್ಟ, ಅವನಿಂದ ಬೈಸಿಕೊಂಡವರೆಲ್ಲ ಸುತ್ತ ನಿಂತು ಕ್ಷಮಿಸಿದರು. ಮೇಷ್ಟ್ರ ಕಣ್ಣು ಒದ್ದೆ. "ಮನಸ್ಸು ಬಂಗಾರ ಕಣ್ರೀ. ಬಾಯಿ ಒಂದು ಸ್ವಲ್ಪ ಕೆಟ್ಟದ್ದು, ಅಷ್ಟೇ."

ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಮೊರ ಪಕ್ಕಕ್ಕಿಟ್ಟು ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದಳು.

"ಅಂಥ ಬಾಯಿಗೇ ಹೆದ್ರಿ ನಾನು ಸಾಯ್ತಿದ್ದೆ ಮೇಷ್ಟ್ರೇ," ಎಂದಳು. "ನಿಮ್ಮನೇಲಿ ಕುಕ್ಕರ್ ಕೂಗ್ತಾ ಐತೆ, ಹೋಗಿ."

ಮೇಷ್ಟ್ರು ಮುಖ ಊದಿಸಿಕೊಂಡು ಎದ್ದು ಹೋದರು. ಹೋಗಲಿ. ಅವರಿಗೆ ಎದ್ದು ಹೋಗಲು ಆಗುತ್ತದೆ.