ಮಂಜು ಹಿಡಿಯದ ಟ್ಯೂಬು

ಕಳೆದ ವಾರ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ರಕ್ತ ಪರೀಕ್ಷೆಗೆ ಹೋಗಿದ್ದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಳಗೆ ಯಾರೋ ಫ್ರೀಜರಿನ ಬಾಗಿಲು ತೆಗೆದರು. ಬಿಳಿ ಹೊಗೆ ನೆಲದ ಮೇಲೆ ಹರಿದು ಬಂತು... ಅಕ್ಕಾರು ನೆನಪಾದರು.

ಸುತ್ತಲೂ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ನಾನು ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಎಲ್ಲರೂ ಅಕ್ಕಾರು ಎಂದೇ ಕರೆಯುತ್ತಿದ್ದ ಅವರು ಅಲ್ಲಿನ ಆದಿವಾಸಿ ವಿದ್ಯಾರ್ಥಿಗಳ ಕಚೇರಿಯಲ್ಲಿದ್ದರು. ಹಾಸ್ಟೆಲು, ಸ್ಕಾಲರ್‌ಶಿಪ್ಪು, ಸಂಶೋಧನೆಯಲ್ಲಿ ಸಣ್ಣ ಕೆಲಸ, ಎಲ್ಲವನ್ನೂ ಓಡಾಡಿ ಕೊಡಿಸುತ್ತಿದ್ದರು. ರಾಯಚೂರು ಕಡೆಯ ಗುಡ್ಡದ ಹಟ್ಟಿಯಲ್ಲಿ ಹುಟ್ಟಿದವರು. ಎಲ್ಲರೊಡನೆ ತೆಲುಗು, ನನ್ನೊಡನೆ ಮಾತ್ರ ಕನ್ನಡ.

ಒಂದು ಮಧ್ಯಾಹ್ನ, ತಾವೇ ನಮ್ಮಲ್ಲಿ ಕೆಲಸಕ್ಕೆ ಸೇರಿಸಿದ್ದ ಹುಡುಗಿಯನ್ನು ನೋಡಲು ಬಂದರು. ಹುಡುಗಿ ಹಳೆಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಸಂಶೋಧನೆಗೆಂದು ಗುಡ್ಡದ ಹಟ್ಟಿಗಳಲ್ಲಿ ತೆಗೆದಿಟ್ಟ ರಕ್ತದ ಪಟ್ಟಿ ಅದು. ಅಕ್ಕಾರ ಬೆರಳು ಒಂದು ಹೆಸರಿನ ಮೇಲೆ ನಿಂತಿತು.

"ಇದು ನಮ್ಮವ್ವನ ಹೆಸರ್ರಿ. ಗುಳಿಗಿ ಕೊಡ್ತೀವಿ ಅಂತ ಬಂದು ರಕ್ತ ತಗೊಂಡು ಹೋಗಿದ್ರು."

ಆ ರಕ್ತದ ಟ್ಯೂಬುಗಳಿದ್ದ ತಗಡಿನ ಪೆಟ್ಟಿಗೆಯನ್ನು ನಾನು ಫ್ರೀಜರಿನಿಂದ ಹೊರತೆಗೆದೆ. ಎಲ್ಲ ಟ್ಯೂಬುಗಳೂ ಮಂಜು ಹಿಡಿದು ಬೆಳ್ಳಗಿದ್ದವು. ಒಂದು ಮಾತ್ರ ಸ್ವಚ್ಛವಾಗಿತ್ತು. ಒಳಗಿನ ರಕ್ತ ಆಗಷ್ಟೇ ತೆಗೆದಂತೆ ಕೆಂಪಗೆ ಅಲುಗುತ್ತಿತ್ತು. ಸಂಖ್ಯೆ ನೋಡಿದೆ. ಅವರವ್ವನದೇ.

"ಅವ್ವನ್ನ ಮಣ್ಣು ಮಾಡಿ ಎಂಟು ವರ್ಷ ಆತ್ರಿ," ಎಂದರು ಅಕ್ಕಾರು. "ಇವತ್ತಿಗೂ ಕನಸಿನಾಗ ಬಂದು ಚಳಿ, ಚಳಿ ಅಂತಾಳ. ಯಾಕಂತ ಈಗ ತಿಳೀತು."

ಆ ಟ್ಯೂಬನ್ನು ವಾಪಸ್ಸು ಕೊಡಿ ಎಂದು ಅರ್ಜಿ ಬರೆದರು. ಗಲಾಟೆಯಾದರೆ ಯೋಜನೆ ನಿಲ್ಲುತ್ತದೆ, ನೀವು ಇಲ್ಲಿ ಸೇರಿಸಿದ ಐದು ವಿದ್ಯಾರ್ಥಿಗಳ ಕೆಲಸವೂ ಹೋಗುತ್ತದೆ ಎಂದರು ನಮ್ಮ ಮುಖ್ಯಸ್ಥರು. ಅಕ್ಕಾರು ಅರ್ಜಿ ಹರಿದುಹಾಕಿದರು. ಆಮೇಲೆ ಕಾರಿಡಾರಿನಲ್ಲಿ ನನ್ನೊಬ್ಬನನ್ನೇ ನಿಲ್ಲಿಸಿ ಕೇಳಿದರು: "ನೀವಾದ್ರೂ ತೆಗೆದು ಕೊಡ್ತೀರೇನ್ರಿ?"

ನನ್ನ ನೌಕರಿ ಆಗಷ್ಟೇ ಖಾಯಂ ಆಗಿತ್ತು. ತಲೆ ತಗ್ಗಿಸಿದೆ.

"ಇರ್ಲಿ ಬಿಡ್ರಿ. ನಿಮಗೂ ಮಕ್ಕಳದಾವ."

ಅಂದಿನಿಂದ ಅವರು ಸ್ವೆಟರ್ ಬಿಚ್ಚಲಿಲ್ಲ. ಹೈದರಾಬಾದಿನ ಮೇ ತಿಂಗಳ ಬಿಸಿಲಲ್ಲೂ. ಒಮ್ಮೆ ಕಾಗದ ಕೊಡುವಾಗ ಅವರ ಬೆರಳು ತಗುಲಿತು... ಪೆಟ್ಟಿಗೆಯ ತಗಡು ಮುಟ್ಟಿದ ಹಾಗಿತ್ತು.

ಮಳೆಗಾಲ ಬರುವ ಮುಂಚೆಯೇ ತೀರಿಕೊಂಡರು. ಜ್ವರ ಎಂದರು. ನಾಲ್ಕು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲವೆಂದು ಹುಡುಗಿ ಅಳುತ್ತ ಹೇಳಿದಳು. ಅವರನ್ನು ಹಟ್ಟಿಯಲ್ಲಿ, ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದರು.

ಮರುವಾರ ನಾನು ಪೆಟ್ಟಿಗೆ ತೆಗೆದೆ. ಆ ಟ್ಯೂಬಿಗೂ ಈಗ ಮಂಜು ಹಿಡಿದಿತ್ತು. ಕರವಸ್ತ್ರದಲ್ಲಿ ಸುತ್ತಿಕೊಂಡು, ಹುಡುಗಿಯನ್ನು ಕರೆದುಕೊಂಡು ಕಾಚಿಗೂಡದಲ್ಲಿ ರೈಲು ಹತ್ತಿದೆ. ದಿನವಿಡೀ ಸೆಕೆಯಲ್ಲಿ ಕೂತರೂ ಮಂಜು ಕರಗಲಿಲ್ಲ, ಕರವಸ್ತ್ರ ಒದ್ದೆಯಾಗಲಿಲ್ಲ. ಹಟ್ಟಿಯಲ್ಲಿ ಎರಡು ಗೋರಿಗಳ ನಡುವೆ ಕುಣಿ ತೋಡಿ ಇಟ್ಟೆವು. ಮಣ್ಣು ತಗುಲಿದ್ದೇ ತಡ, ಮಂಜು ಕರಗಿಹೋಯಿತು. ಹುಡುಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಟ್ಯೂಬು ಕಾಣೆಯಾದದ್ದನ್ನು ಯಾರೂ ಕೇಳಲೇ ಇಲ್ಲ. ಅಷ್ಟು ಸುಲಭವಿತ್ತು.

ಈಗ ಅಕ್ಕಾರ ಕುರ್ಚಿಯಲ್ಲಿ ಆ ಹುಡುಗಿಯೇ ಕೂರುತ್ತಾಳೆ. ರಕ್ತ ಪರೀಕ್ಷೆ ಮುಗಿಸಿ ಅವಳಲ್ಲಿಗೆ ಹೋದೆ, ಅಂದು ಕಾರಿಡಾರಿನಲ್ಲಿ ಅಕ್ಕಾರು ನನ್ನನ್ನು ಕೇಳಿದ್ದನ್ನು ಹೇಳಿಬಿಡಬೇಕೆಂದು. ಅವಳೆದುರು ಹೊಸ ವಿದ್ಯಾರ್ಥಿಗಳು ಕೂತಿದ್ದರು. ಎದ್ದು ನಿಂತು ಅವರಿಗೆ ನನ್ನ ಪರಿಚಯ ಮಾಡಿಸಿದಳು:

"ನಮ್ಮ ಅಕ್ಕಾರಿಗೆ ಇಲ್ಲಿ ಇವರೊಬ್ಬರೇ ದಿಕ್ಕಾಗಿದ್ರು."

ಮಕ್ಕಳು ನನಗೆ ಕೈ ಮುಗಿದರು. ನಾನೂ ಮುಗಿದೆ... ಏನೂ ಹೇಳದೆ ಮೆಟ್ಟಿಲಿಳಿದು ಬಂದೆ.